ಗಾಲಿ, ಕಾಲು, ಮರಳು
(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರೋಬೋಟ್ ಎಂದರೆ ಸಿನಿಮಾದಲ್ಲಿ ಬರುವಂತೆ ಮನುಷ್ಯನ ಆಕಾರದಲ್ಲೇ ಇರಬೇಕೆಂದಿಲ್ಲ. ಪಟ್ಟಣದ ಕೆಲವು ಮನೆಗಳಲ್ಲಿ ಕಸ ಗುಡಿಸುವ ತಟ್ಟೆಯಂಥ ಯಂತ್ರವೂ ರೋಬೋಟೇ. ಅದಕ್ಕೆ ಸ್ಟೀರಿಂಗ್ ಇಲ್ಲ. ಎರಡು ಗಾಲಿಗೆ ಬೇರೆ ಬೇರೆ ಮೋಟಾರು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಿದರೆ ತಿರುಗುತ್ತದೆ. ಗದ್ದೆಯ ಮೂಲೆಯಲ್ಲಿ ಟ್ರ್ಯಾಕ್ಟರಿನ ಒಂದೇ ಬದಿಯ ಬ್ರೇಕ್ ಒತ್ತಿ ತಿರುಗಿಸುವವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ನಾಯಿಯಂತೆ ನಾಲ್ಕು ಕಾಲಲ್ಲಿ ಮೆಟ್ಟಿಲು ಹತ್ತುವ ರೋಬೋಟನ್ನು ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತೀರಿ. ನೋಡಲು ಚೆಂದ. ಆದರೆ ಸುಮ್ಮನೆ ನಿಂತಿರಲೂ ಅದಕ್ಕೆ ಬ್ಯಾಟರಿ ಖರ್ಚು. ನನಗಂತೂ ಗಾಲಿಯೇ ಇಷ್ಟ.

2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ನಮ್ಮ ಪ್ರಜ್ಞಾನ್‌ಗೆ ಆರು ಗಾಲಿ. ತೂಕ 26 ಕಿಲೋ, ವೇಗ ಸೆಕೆಂಡಿಗೆ ಒಂದೇ ಸೆಂಟಿಮೀಟರ್. ಇರುವೆಯೂ ಅದನ್ನು ಹಿಂದೆ ಹಾಕುತ್ತದೆ! ಗಾಲಿ ಹಿಡಿದ ತೋಳುಗಳು ಕೀಲಿನ ಮೇಲೆ ಆಡುವುದರಿಂದ ಒಂದು ಗಾಲಿ ಕಲ್ಲು ಹತ್ತಿದರೂ ಉಳಿದವು ನೆಲ ಬಿಡುವುದಿಲ್ಲ. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಿತು. ಬಂದ ದಾರಿಯಲ್ಲೇ ಹಿಂದಿರುಗುವಂತೆ ಅದಕ್ಕೆ ಆಜ್ಞೆ ಕಳುಹಿಸಿದರು.

ಅಷ್ಟು ನಿಧಾನ ಏಕೆಂದರೆ, ಸಿಕ್ಕಿಬಿದ್ದರೆ ಹಿಂದಿನಿಂದ ತಳ್ಳಲು ಅಲ್ಲಿ ಯಾರೂ ಇಲ್ಲ. ಮಂಗಳ ಗ್ರಹದಲ್ಲಿ ಅಮೆರಿಕದ ಸ್ಪಿರಿಟ್‌ಗೆ ಹಾಗೇ ಆಯಿತು. 2006ರಲ್ಲಿ ಅದರ ಮುಂದಿನ ಒಂದು ಗಾಲಿ ನಿಂತುಹೋಯಿತು. ಎಂಜಿನಿಯರುಗಳು ಅದನ್ನು ಹಿಮ್ಮುಖವಾಗಿ ಓಡಿಸಿದರು, ಕೆಟ್ಟ ಗಾಲಿಯನ್ನು ಎಳೆದುಕೊಂಡೇ. ಆ ಗಾಲಿ ನೇಗಿಲಿನಂತೆ ಗೆರೆ ಕೊರೆಯಿತು. ಅಡಿಯಲ್ಲಿ ಸಿಲಿಕಾ ತುಂಬಿದ ಬಿಳಿ ಮಣ್ಣು ಸಿಕ್ಕಿತು, ಅಲ್ಲಿ ಹಿಂದೆ ಬಿಸಿನೀರೋ ಹಬೆಯೋ ಇದ್ದುದರ ಗುರುತು. 2009ರಲ್ಲಿ ಮೆತ್ತನೆ ಮರಳಲ್ಲಿ ಹೂತಿತು. ಮತ್ತೆ ಏಳಲಿಲ್ಲ. 2010ರ ಮಾರ್ಚ್‌ನಲ್ಲಿ ಅದರ ಕೊನೆಯ ಸಂದೇಶ ಬಂತು.

ಸಾಫ್ಟ್‌ವೇರಿನವನಾದ ನನ್ನನ್ನು ಕಾಡುವುದು ಮರಳೇ. ಗಾಲಿ ಎಷ್ಟು ಸುತ್ತಿತು ಎಂದೆಣಿಸಿ ಯಂತ್ರ ದೂರ ಲೆಕ್ಕ ಹಾಕುತ್ತದೆ. ಗಾಲಿ ನಿಂತಲ್ಲೇ ಸುತ್ತಿದರೆ ಲೆಕ್ಕ ಹತ್ತು ಮೀಟರ್ ಎನ್ನುತ್ತದೆ, ಯಂತ್ರ ಅಲ್ಲೇ ಇರುತ್ತದೆ. ಅದಕ್ಕೇ ಕ್ಯಾಮೆರಾದ ಚಿತ್ರಗಳನ್ನು ಹೋಲಿಸಿ ನೋಡಬೇಕು.

ಎರಡು ಗಾಲಿಯದೊಂದು ಪುಟ್ಟ ಬಂಡಿ ತಂದಿದ್ದೇನೆ. ಒಂಬತ್ತನೆಯವರು ಅಂಗಳದಿಂದ ಎರಡು ಬುಟ್ಟಿ ಮರಳು ತನ್ನಿ. ಮೊದಲು ಸಿಮೆಂಟಿನ ಮೇಲೆ, ಆಮೇಲೆ ಮರಳಲ್ಲಿ ಓಡಿಸಿ, ಟೇಪ್ ಹಿಡಿದು ಅಳೆಯಿರಿ. ಅದು ಹೇಳುವ ದೂರವನ್ನು ಪಕ್ಕದಲ್ಲಿ ಬರೆಯಿರಿ. ಬಂಡಿಯನ್ನು ಶಾಲೆಗೇ ಬಿಟ್ಟುಹೋಗುತ್ತೇನೆ. ಮಕ್ಕಳು ಅದನ್ನು ಬಿಚ್ಚಿ ಹರಡಿದರೆ ದಯವಿಟ್ಟು ಬೈಯಬೇಡಿ, ಸಾರ್.