ಬಾಗಿಲು ಯಾರದು?

ನೀಲಗಿರಿ ಬೆಟ್ಟದ ನಂಜನಾಡಿನ ಆಲೂಗೆಡ್ಡೆ ಮೂಟೆಗೆ ಉದಕಮಂಡಲದ ಪೇಟೆ ಹತ್ತಿರ. ಆದರೆ ಅದೇ ಪೇಟೆಯ ನೀಲಗಿರಿ ಗ್ರಂಥಾಲಯ ಸುತ್ತಲಿನ ಬಡಗ ರೈತರ ಹಟ್ಟಿಗಳಿಗೆ ಹತ್ತಿರದ್ದಾಗಿರಲಿಲ್ಲ. 1859ರಲ್ಲಿ ಅದನ್ನು ಹುಟ್ಟುಹಾಕಿದವರು ಬೆಟ್ಟದ ಮೇಲೆ ನೆಲೆಸಿದ್ದ ಬ್ರಿಟಿಷರು. ಮದರಾಸಿನ ಸೆನೆಟ್ ಹೌಸ್ ರೂಪಿಸಿದ ರಾಬರ್ಟ್ ಚಿಸಮ್ ಅವರೇ ಇದರ ಕಟ್ಟಡಕ್ಕೂ ನಕ್ಷೆ ಬರೆದರು. ಕಟ್ಟಡವೇನೋ ಸೊಗಸು, ಪುಸ್ತಕ ಮಾತ್ರ ಚಂದಾ ಕೊಟ್ಟ ಸದಸ್ಯರಿಗೆ. ಇದನ್ನು ಊರಿನ ಗ್ರಂಥಾಲಯ ಎನ್ನಲು ನನಗೆ ಮನಸ್ಸು ಬಾರದು.

ಚಂದಾ ಇಲ್ಲದಿದ್ದರೆ ಬೆಟ್ಟದ ಮಳೆ, ಮಂಜಿನಲ್ಲಿ ಆ ಹಳೆಯ ಪುಸ್ತಕಗಳು ಉಳಿಯುತ್ತಿದ್ದವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ಕಾಪಾಡುವುದಕ್ಕೂ ದುಡ್ಡು ಬೇಕು. ಆದರೆ ಆ ದುಡ್ಡನ್ನು ಎಲ್ಲರಿಂದ ತೆಗೆದುಕೊಂಡು ಎಲ್ಲರಿಗೂ ಬಾಗಿಲು ತೆರೆಯುವ ದಾರಿಯನ್ನು 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ತೋರಿಸಿತು. ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರ ಪಟ್ಟುಬಿಡದ ಪ್ರಯತ್ನದ ಫಲವದು. ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಸೇರಿತು. ಕರ್ನಾಟಕದಲ್ಲಿ ಇಂಥ ಕಾಯ್ದೆ ಬಂದದ್ದು 1965ರಲ್ಲಿ. ಕಾಯ್ದೆ ಸರಿ, ಮೊಬೈಲ್ ಇರುವಾಗ ಗ್ರಂಥಾಲಯದ ಓದುವ ಕೋಣೆ ಯಾಕೆ ಎನ್ನುವವರೂ ಇದ್ದಾರೆ. ಎರಡು ಕೋಣೆಯ ಮನೆಯಲ್ಲಿ ಸರ್ಕಾರಿ ಪರೀಕ್ಷೆಗೆ ಓದುವ ಹುಡುಗಿಗೆ ಮೊಬೈಲ್ ಪಾಠ ಕೊಟ್ಟೀತು, ಸದ್ದಿಲ್ಲದ ಒಂದು ಮೇಜು ಕೊಡಲಾರದು. ಇವತ್ತು ನಿಮ್ಮ ಮನೆ ತೆರಿಗೆಯ ರಸೀದಿ ತೆಗೆದು, ಆ ಮೇಜಿಗಾಗಿ ಕೊಡುವ ಗ್ರಂಥಾಲಯ ಕರದ ಸಾಲನ್ನೊಮ್ಮೆ ಓದಿ ನೋಡಿ.