ಚಿಕಿತ್ಸೆಯಿಂದ ನೊಂದ ಯೋಧನಿಗೆ ನ್ಯಾಯ



ರಣರಂಗದಲ್ಲಿ ಗಾಯಗೊಂಡ ಯೋಧನಿಗೆ ಸರ್ಕಾರವು ಜೀವನವೇತನವನ್ನು ಕೊಡತಕ್ಕುದೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ಯುದ್ಧದಿಂದ ಮರಳಿದವನು ಅದೇ ಸರ್ಕಾರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಅಂಗಬಲವನ್ನು ಕಳೆದುಕೊಂಡರೆ ಅವನಿಗೆ ದಿಕ್ಕಾರು? ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯು ಒಂದು ಶತಮಾನದಿಂದ ಚರ್ಚೆಗೊಳಗಾಗಿದೆ.

ಸರ್ಕಾರದ ಚಿಕಿತ್ಸೆಯಿಂದ ಒದಗಿದ ಹಾನಿಯನ್ನೂ ಸೇವೆಯಲ್ಲಿ ಒದಗಿದ ಹಾನಿಯಂತೆಯೇ ಎಣಿಸತಕ್ಕುದೆಂದು 1924ರ ಶಾಸನವು ಅಲ್ಲಿ ವಿಧಿಸಿತು. 1933ರಲ್ಲಿ ರದ್ದಾದ ಆ ವಿಧಿಯು 1934ರಲ್ಲಿ ಪುನಃ ಊರ್ಜಿತವಾಯಿತು. ಅದರಲ್ಲಿ ವೈದ್ಯನ ತಪ್ಪಿನ ಮಾತೇ ಇರಲಿಲ್ಲ; ಯೋಧನ ಸ್ವಂತ ದುರ್ನಡತೆಯಿಂದ ಹಾನಿಯಾಗಿರಬಾರದೆಂದು ಮಾತ್ರವೇ ಇದ್ದಿತು. ಆದರೂ ವೈದ್ಯರ ಅಲಕ್ಷ್ಯವೋ ಅನಿರೀಕ್ಷಿತ ಅಪಘಾತವೋ ಸಿದ್ಧವಾಗದ ಹೊರತು ಪರಿಹಾರವಿಲ್ಲವೆಂದು ಇಲಾಖೆಯು ನಿಯಮವನ್ನು ರಚಿಸಿತು. ಶಾಸನವು ತೆರೆದ ಬಾಗಿಲನ್ನು ನಿಯಮವು 60 ವರ್ಷ ಮುಚ್ಚಿತು.

ಕೊರಿಯಾ ಯುದ್ಧದ ಯೋಧನಾದ ಫ್ರೆಡ್ ಗಾರ್ಡ್ನರ್ ಎಂಬಾತನು ಇಲಾಖೆಯ ಆಸ್ಪತ್ರೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದನು. ತರುವಾಯ ಅವನ ಎಡಗಾಲಿನ ಮೀನಖಂಡ, ಹರಡು, ಪಾದಗಳು ನೋವಿನಿಂದ ಬಲಗುಂದಿದವು. ಇಲಾಖೆಯು ಅವನ ಕೋರಿಕೆಯನ್ನು ತಳ್ಳಿಹಾಕಿತು. ಅವನು ನ್ಯಾಯಾಲಯಗಳ ಮೆಟ್ಟಲೇರಿದನು. ಯೋಧನ ತಪ್ಪನ್ನು ಬಾಯಿಬಿಟ್ಟು ಹೇಳಿದ ಶಾಸನವು ಇಲಾಖೆಯ ತಪ್ಪನ್ನು ಹೇಳದಿರುವಾಗ ಅದನ್ನು ಹೊರಗಿನಿಂದ ಸೇರಿಸಲಾಗದೆಂದೂ, ಬಹುಕಾಲ ನಡೆದುಬಂದ ಮಾತ್ರಕ್ಕೆ ಶಾಸನವಿರುದ್ಧವಾದ ನಿಯಮವು ಸಿಂಧುವಾಗದೆಂದೂ ಶ್ರೇಷ್ಠ ನ್ಯಾಯಾಲಯವು 1994ರ ಡಿಸೆಂಬರ್ 12ರಂದು ಒಮ್ಮತದಿಂದ ತೀರ್ಪಿತ್ತಿತು.

ಆದರೆ ಈ ಜಯವು ಬಹುಕಾಲ ಬಾಳಲಿಲ್ಲ. 1996ರಲ್ಲಿ ಶಾಸನಸಭೆಯು ವಿಧಿಯನ್ನೇ ತಿದ್ದಿತು. 1997ರ ಅಕ್ಟೋಬರ್ 1ರಿಂದ ಬರುವ ಕೋರಿಕೆಗಳಲ್ಲಿ ಅಲಕ್ಷ್ಯ, ಕುಶಲತೆಯ ಅಭಾವ, ನಿರ್ಣಯದೋಷ ಮೊದಲಾದ ತಪ್ಪಾಗಲಿ, ಮುಂಗಾಣಲು ಸಾಧ್ಯವಿಲ್ಲದ ಘಟನೆಯಾಗಲಿ ಹಾನಿಗೆ ಕಾರಣವೆಂದು ಸಿದ್ಧವಾಗಬೇಕು.

ಯಾವ ವೈದ್ಯವೂ ಅಪಾಯರಹಿತವಲ್ಲ. ಎಲ್ಲ ಹಾನಿಯ ಹೊರೆಯನ್ನೂ ಬೊಕ್ಕಸವು ಹೊರಲಾರದು ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಗೆ ಎಚ್ಚರವಿರದು. ಕತ್ತಿ ಎಲ್ಲಿ ತಾಗಿತೆಂಬುದನ್ನು ಅವನು ಕಾಣನು. ಕಂಡವರು ವೈದ್ಯರು, ಬರೆದಿಟ್ಟ ದಾಖಲೆ ಆಸ್ಪತ್ರೆಯದು. ಮೈಮರೆತು ಮಲಗಿದ್ದವನಿಂದ ತಪ್ಪಿನ ಪುರಾವೆಯನ್ನು ಬಯಸುವುದು ಕಠಿಣವಾದ ನ್ಯಾಯ. 1924ರ ಶಾಸನಕಾರರು ತಪ್ಪು ಯಾರದೆಂದು ಕೇಳಲಿಲ್ಲ. ನೊಂದವನು ಯಾರೆಂದು ಕೇಳಿದರು. ದೇಶಕ್ಕಾಗಿ ದೇಹವನ್ನೊಡ್ಡಿದವನ ವಿಷಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆಯು ಅದೇ.