ಸ್ಕ್ಯಾನ್ ವೇಳೆ ನೀಡುವ ‘ಡೈ’ ಚುಚ್ಚುಮದ್ದು: ಸದಸ್ಯರು ಅರಿತಿರಬೇಕಾದ ಸಂಗತಿಗಳು

(ಬೆಂಗಳೂರು ಪೂರ್ವ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯನಲ್ಲ. ಆದರೂ ಈ ವಿಷಯವನ್ನು ತಮ್ಮ ಮುಂದಿಡಲು ನಮ್ಮ ಪಂಚಾಯಿತಿಯ ಹಿರಿಯ ರೈತರೊಬ್ಬರ ಪ್ರಸಂಗವೇ ಕಾರಣ. ಅವರಿಗೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆಗಬೇಕಿತ್ತು. ‘ಅಲರ್ಜಿ ಇದೆಯೇ?’ ಎಂದು ಕೇಳಿದಾಗ ‘ಇಲ್ಲ’ ಎಂದು ಹೇಳಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಇನ್ನೇನು ಔಷಧ ಏರಿಸಬೇಕೆನ್ನುವಾಗ ಅವರ ಸೊಸೆ, ಎರಡು ವರ್ಷದ ಹಿಂದೆ ಬೇರೊಂದೆಡೆ ಇಂಥದೇ ಚುಚ್ಚುಮದ್ದಿನಿಂದ ಮಾವನವರಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದುದನ್ನು ನೆನಪಿಸಿದರು. ಸ್ಕ್ಯಾನ್ ಅಲ್ಲಿಗೇ ನಿಂತಿತು. ಹಿರಿಯರು ಸುಳ್ಳು ಹೇಳಿರಲಿಲ್ಲ. ಅಲರ್ಜಿಯೆಂದರೆ ಬದನೆಕಾಯಿಯಿಂದಲೋ ಮೀನಿನಿಂದಲೋ ಆಗುವ ನಂಜು ಎಂದಷ್ಟೇ ಅವರು ತಿಳಿದಿದ್ದರು.

ಸಿ.ಟಿ. ಸ್ಕ್ಯಾನಿಗೆ ಬಳಸುವ ‘ಡೈ’ಗೆ ಬಣ್ಣವೇ ಇರುವುದಿಲ್ಲ. ಅದು ಅಯೋಡಿನ್ ಅಂಶವುಳ್ಳ ದ್ರಾವಣ. ಅಯೋಡಿನ್ ಕ್ಷ-ಕಿರಣಗಳನ್ನು ಬಲವಾಗಿ ತಡೆಯುವುದರಿಂದ ರಕ್ತನಾಳ, ಗಡ್ಡೆ, ಕೀವು ತುಂಬಿದ ಭಾಗಗಳು ಚಿತ್ರದಲ್ಲಿ ಸ್ಪಷ್ಟವಾಗಿ ಬೇರ್ಪಡುತ್ತವೆ. ಎಂ.ಆರ್.ಐ.ಗೆ ಬಳಸುವುದು ಗ್ಯಾಡೊಲಿನಿಯಂ ಎಂಬ ಬೇರೆಯೇ ವಸ್ತುವಿನ ಸಂಯುಕ್ತ. ‘ಡೈ’ ಎಂಬ ಶಬ್ದವನ್ನು ಕೇಳಿ, ಇಂಗ್ಲಿಷಿನ ಸಾವಿನ ಅರ್ಥವನ್ನು ನೆನೆದು, ಸ್ಕ್ಯಾನನ್ನೇ ಬಿಟ್ಟು ಮನೆಗೆ ಮರಳಿದವರನ್ನೂ ನಾನು ಕಂಡಿದ್ದೇನೆ. ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಬಾಣಂತಿಯರು ಮೃತಪಟ್ಟ ತರುವಾಯ ರಕ್ತನಾಳಕ್ಕೆ ಏರಿಸುವ ಯಾವ ದ್ರಾವಣವೆಂದರೂ ಜನರು ಬೆಚ್ಚುವುದು ಸಹಜ. ಅಲ್ಲಿ ಸಂಶಯಕ್ಕೆ ಒಳಗಾದದ್ದು ಗ್ಲೂಕೋಸಿನಂತೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣವೇ ಹೊರತು ಸ್ಕ್ಯಾನಿನ ಡೈ ಅಲ್ಲ.

ಅಪಾಯದ ಪ್ರಮಾಣವನ್ನೂ ತಿಳಿಯೋಣ. ಜಪಾನಿನಲ್ಲಿ 3 ಲಕ್ಷಕ್ಕೂ ಮಿಗಿಲಾದ ಚುಚ್ಚುಮದ್ದುಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಬಗೆಯ ಡೈಯಿಂದ ತೀವ್ರ ತೊಂದರೆ 10,000ಕ್ಕೆ ಸುಮಾರು 22 ಬಾರಿ, ಹೊಸ ಬಗೆಯ ಡೈಯಿಂದ ಸುಮಾರು 4 ಬಾರಿ ಕಂಡುಬಂದಿತು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವುದು ಹೊಸ ಬಗೆಯದೇ. ಆ ಕೆಲವರಲ್ಲಿ ತಾವೊಬ್ಬರಾಗುವ ಸಂಭವ ಹೆಚ್ಚೆಂದು ಹೇಳುವ ಮುಖ್ಯ ಸುಳಿವು, ಹಿಂದೆ ಅದೇ ಬಗೆಯ ಡೈಯಿಂದ ತೊಂದರೆಯಾಗಿತ್ತೇ ಎಂಬುದು. ಸಿಗಡಿ, ಮೀನು ಒಗ್ಗದವರಿಗೆ ಡೈ ನಿಷಿದ್ಧವೆಂಬ ಮಾತಿಗೆ ಆಧಾರವಿಲ್ಲ. ಆ ಅಲರ್ಜಿಗೆ ಕಾರಣ ಸಿಗಡಿ ಮೀನುಗಳ ಪ್ರೋಟೀನು, ಅಯೋಡಿನ್ ಅಲ್ಲ.

ಎರಡನೆಯ ವಿಚಾರ ಮೂತ್ರಪಿಂಡ. ಡೈ ದೇಹದಿಂದ ಹೊರಹೋಗುವುದು ಮೂತ್ರದ ಮೂಲಕ; ಮೂತ್ರಪಿಂಡ ಚೆನ್ನಾಗಿದ್ದರೆ ಒಂದು ದಿನದೊಳಗೆ ಬಹುಪಾಲು ಹೋಗಿಬಿಡುತ್ತದೆ. ಆದ್ದರಿಂದಲೇ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರ ಮೂತ್ರಪಿಂಡ ತೀರ ದುರ್ಬಲವಾಗಿದ್ದರೆ ಆ ಮಾತ್ರೆಯನ್ನು ಸ್ಕ್ಯಾನಿನ ನಂತರ 48 ಗಂಟೆ ನಿಲ್ಲಿಸಿ, ಮರುಪರೀಕ್ಷೆಯ ಬಳಿಕ ಮುಂದುವರಿಸಲು ವೈದ್ಯರು ಸೂಚಿಸುವುದುಂಟು. ಎಲ್ಲರಿಗೂ ಇದು ಅನ್ವಯಿಸದು. ತಾವಾಗಿಯೇ ಮಾತ್ರೆ ಬಿಡುವುದು ತರವಲ್ಲ. ಮಂಡೂರು, ಬಿದರಹಳ್ಳಿಯ ಕಡೆಯಿಂದ ನಸುಕಿನಲ್ಲೇ ಹೊರಟು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ನಮ್ಮ ವೃದ್ಧರು ಖಾಲಿ ಹೊಟ್ಟೆಯೆಂದರೆ ನೀರನ್ನೂ ಬಿಡುತ್ತಾರೆ. ಬಾಯಾರಿ ಒಣಗಿದ ದೇಹದ ಮೂತ್ರಪಿಂಡಕ್ಕೆ ಅದೂ ಒಂದು ಹೊರೆ. ನೀರು ಕುಡಿಯಬಹುದೇ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು. ಥೈರಾಯ್ಡ್ ತೊಂದರೆಯನ್ನೂ ಗರ್ಭವನ್ನೂ ತಪ್ಪದೆ ತಿಳಿಸಬೇಕು. ಹಾಲೂಡಿಸುವ ತಾಯಂದಿರು ಸಾಮಾನ್ಯವಾಗಿ ಹಾಲು ನಿಲ್ಲಿಸಬೇಕಾಗಿಲ್ಲ.

ಡೈ ಏರುವಾಗ ಮೈ ಬಿಸಿಯಾಗುವುದು, ಬಾಯಲ್ಲಿ ಲೋಹದ ರುಚಿ, ಮೂತ್ರ ಹೋದಂತೆ ಭಾಸವಾಗುವುದು ಸಾಮಾನ್ಯ, ಕ್ಷಣದಲ್ಲಿ ಅಡಗುತ್ತದೆ. ಸೂಜಿಯ ಜಾಗದಲ್ಲಿ ಉರಿ, ಊತ ಬಂದರೆ ಸಂಕೋಚವಿಲ್ಲದೆ ಕೂಗಬೇಕು. ತೀವ್ರ ತೊಂದರೆಗಳಲ್ಲಿ ಹೆಚ್ಚಿನವು ಮೊದಲ ಅರ್ಧ ಗಂಟೆಯೊಳಗೇ ಕಾಣಿಸುತ್ತವೆ. ಬಸ್ಸು ತಪ್ಪುತ್ತದೆಂದು ಆ ಅರ್ಧ ಗಂಟೆ ಕಾಯದೆ ಹೊರಟುಬಿಡುವುದು ನಮ್ಮವರ ಚಾಳಿ. ಅಡ್ರಿನಲಿನ್ ಚುಚ್ಚುಮದ್ದು ಇರುವುದು ಸ್ಕ್ಯಾನ್ ಕೊಠಡಿಯಲ್ಲಿ, ಕೆ.ಆರ್. ಪುರದ ಬಸ್ ನಿಲ್ದಾಣದಲ್ಲಿ ಅಲ್ಲ. ಚರ್ಮದ ದದ್ದು ಕೆಲವು ದಿನ ತಡವಾಗಿಯೂ ಬರಬಹುದು. ಅದನ್ನೂ ವೈದ್ಯರಿಗೆ ತಿಳಿಸಬೇಕು.

ಇನ್ನು ನಮ್ಮ ಪಾತ್ರ. ಗರ್ಭಿಣಿಯರು ತಾಯಿ ಕಾರ್ಡ್ ಇಲ್ಲದೆ ಆಸ್ಪತ್ರೆಗೆ ಹೊರಡುವುದಿಲ್ಲ. ಆಶಾ ಕಾರ್ಯಕರ್ತೆಯರು ಈ ರೂಢಿಯನ್ನು ಬೆಳೆಸಿದ್ದಾರೆ. ಹಾಗೆಯೇ ಸ್ಕ್ಯಾನಿಗೆ ಹೋಗುವವರು ಹಳೆಯ ವರದಿ, ನುಂಗುವ ಮಾತ್ರೆಗಳ ಪಟ್ಟಿ, ಮನೆಯ ಸಂಗತಿ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ತಿಳಿಸಲು ಕೋರುತ್ತೇನೆ. ಯಾರಿಗಾದರೂ ತೊಂದರೆಯಾದರೆ ಡೈಯ ಹೆಸರು, ಪ್ರಮಾಣ, ಬ್ಯಾಚ್ ಸಂಖ್ಯೆ, ದಿನಾಂಕಗಳನ್ನು ಬರೆಸಿಕೊಳ್ಳಬೇಕು. ‘ಯಾವುದೋ ಇಂಜೆಕ್ಷನ್’ ಎಂಬ ನೆನಪು ಮುಂದಿನ ವೈದ್ಯರಿಗೆ ನೆರವಾಗದು. ಔಷಧದ ಅಡ್ಡಪರಿಣಾಮಗಳನ್ನು 1800-180-3024 ಎಂಬ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಗೂ ವರದಿ ಮಾಡಬಹುದು.

ಆ ರೈತರಿಗೆ ವೈದ್ಯರು ಅಂದು ಸ್ಕ್ಯಾನ್ ಮುಂದೂಡಿ, ಹಿಂದಿನ ರಾತ್ರಿಯಿಂದಲೇ ನುಂಗಲು ಮಾತ್ರೆಗಳನ್ನು ಬರೆದುಕೊಟ್ಟು, ಬೇರೊಂದು ಡೈ ಆರಿಸಿದರು. ಸ್ಕ್ಯಾನ್ ಸುಸೂತ್ರವಾಗಿ ನಡೆಯಿತು. ಈಗ ಅವರ ಅಂಗಿಯ ಜೇಬಿನಲ್ಲಿ, ಪಡಿತರ ಚೀಟಿಯ ಜೊತೆಗೆ, ಹಳೆಯ ಡೈಯ ಹೆಸರು ಬರೆದ ಚೀಟಿಯೊಂದಿದೆ. ಬರೆದವರು ಅವರ ಸೊಸೆ.